ಗಂಧಕದ ಮನೆ

ನೀವು ಇದನ್ನು ನಂಬುವುದಿಲ್ಲ. ನಾನೇ ಅಲ್ಲಿ ಇರದಿದ್ದರೆ ನಾನೂ ನಂಬುತ್ತಿರಲಿಲ್ಲ.

ನಮ್ಮ ಮಾಗಡಿ ಸೀಮೆಯಲ್ಲಿ ‘ಗಂಧಕದ’ ಎಂಬ ಮಾತು ಎಣ್ಣೆಗೆ ಅಂಟಿದರೆ ಕಜ್ಜಿಗೆ ಔಷಧಿ, ಕಡ್ಡಿಗೆ ಅಂಟಿದರೆ ಒಲೆಗೆ ಬೆಂಕಿ. ಮನೆಗೆ ಅಂಟಿತೋ, ಆ ಮನೆಯ ಹೆಣ್ಣಿನ ಮದುವೆ ಮುರಿಯಿತು. ಸುಣ್ಣಕಟ್ಟು ರೋಗ ಬಂದು ರೇಷ್ಮೆ ಹುಳವೆಲ್ಲ ಬೆಳ್ಳಗೆ ಸೆಟೆದು ಸತ್ತ ಮೇಲೆ, ಕೋಣೆ ಮುಚ್ಚಿ ಗಂಧಕದ ಹೊಗೆ ಹಾಕುತ್ತಾರಲ್ಲ, ಅದು ಗಂಧಕದ ಮನೆ. ಅಲ್ಲಿಂದ ಸೊಸೆ ತಂದರೆ ತಮ್ಮ ಹುಳವೂ ಸಾಯುತ್ತದೆಂದು ಹುಳ ಸಾಕುವವರಿಗೆಲ್ಲ ಭಯ.

ನಮ್ಮಲ್ಲಿ ಹೊಗೆ ಹಾಕಿದ ದಿನವೇ, ಮರುದಿನ ಬರಬೇಕಾಗಿದ್ದ ಸೋಲೂರಿನ ಗಂಡಿನ ಕಡೆಯವರು ಗಾಡಿಯಿಂದ ಇಳಿದರು! ಅಕ್ಕನನ್ನು ಅದುವರೆಗೆ ನೋಡಿಹೋದವರು ಯಾರೂ ತಿರುಗಿ ಬಂದಿರಲಿಲ್ಲ. ಅಪ್ಪ ಹಿತ್ತಲ ಕಡೆಯ ಹುಳದ ಕೋಣೆಯಲ್ಲಿದ್ದ. ಅವರು ಬಂದದ್ದು ಅವನಿಗೆ ತಿಳಿಯದು. ಅವ್ವ ನನ್ನ ರಟ್ಟೆ ಹಿಡಿದಳು.

“ಏನಾರ ಮಾಡ್ಲಾ ಮಗಾ, ನಿಮ್ಮಕ್ಕನ ಬಾಳು ಕಣ್ಲಾ.”



ಗಂಡಿನ ತಾಯಿ ಜಗಲಿಯಲ್ಲಿ ಕೂತು ಮೂಗು ಅರಳಿಸಿದಳು. ಅದೆಂಥ ಮೂಗು! ಸಾವನದುರ್ಗದಲ್ಲಿ ಒಗ್ಗರಣೆ ಹಾಕಿದರೆ ಸೋಲೂರಿನಲ್ಲಿ ಕೂತು ಯಾವ ಸಾರೆಂದು ಹೇಳುವ ಮೂಗು.

“ಇದೇನವ್ವಾ, ಗಂಧಕದ ವಾಸ್ನೆ?”

“ನಂದೇ ಕಣವ್ವೋ!” ನಾನು ಮುಂದೆ ನೆಗೆದೆ. “ಕಜ್ಜಿ! ಗಂಧಕದೆಣ್ಣೆ ಬಳ್ಕಂಡಿವ್ನಿ.”

ಇಲ್ಲದ ಕಜ್ಜಿಯನ್ನು ಕೆರೆದೆ. ಕಂಬಕ್ಕೆ ಬೆನ್ನು ಉಜ್ಜಿದ ರಭಸಕ್ಕೆ ಮಾಡಿನ ಹೆಂಚೇ ಉದುರಿತು. ಉದುರಲಿಲ್ಲ ಅನ್ನುತ್ತಾಳೆ ಅಕ್ಕ. ಅವಳು ಬಾಗಿಲ ಹಿಂದಿದ್ದಳು, ಅವಳಿಗೇನು ಗೊತ್ತು?

“ಇಷ್ಟೊಂದು ನಾತ ಒಬ್ನಿಂದ್ಲಾ?” ಎಂದ ಗಂಡಿನ ಅಪ್ಪ.

“ಎಮ್ಮೆಗೂ ಬಳ್ದಿವ್ನಿ ಯಜಮಾನ್ರೆ. ನಾಯಿಗೂವೆ.”

ಅವನು ನಕ್ಕುಬಿಟ್ಟ. ಗಂಡಿನ ತಾಯಿ ನಗಲಿಲ್ಲ. ನಾನು ರಕ್ತ ಬರುವವರೆಗೆ ಕೆರೆದುಕೊಂಡೆ. ಕೈ ನಿಲ್ಲಿಸಿದರೆ ಅಕ್ಕ ಆ ಬಾಗಿಲ ಹಿಂದೆಯೇ ಮುದುಕಿಯಾಗುತ್ತಾಳೆ ಅನ್ನಿಸುತ್ತಿತ್ತು.

“ಪಾಪ, ಬುಡ್ಲಾ ಮಗಾ. ಕಜ್ಜಿ ಯಾರ ಮನೇಲಿಲ್ಲ?” ಎಂದಳು ಆಕೆ ಕೊನೆಗೂ. “ಹೆಣ್ಣನ್ನ ಕರೀರವ್ವಾ.”

ಅಕ್ಕ ತಲೆ ತಗ್ಗಿಸಿ ಹೊಸ್ತಿಲಿಗೆ ಬಂದಳು.

ಅಷ್ಟರಲ್ಲಿ ಅಪ್ಪ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಗಂಧಕದ ನೀಲಿ ಉರಿಯ ಬಾಂಡ್ಲಿ ಹಿಡಿದು ಹಿತ್ತಲಿಂದ ಜಗಲಿಗೆ ಬಂದ. ಹೊಗೆಗೆ ಕಣ್ಣು ಉರಿದು ನೀರು ಸುರಿಯುತ್ತಿತ್ತು. ಕೂತವರು ಅವನಿಗೆ ಕಾಣಲೇ ಇಲ್ಲ.

“ಇನ್ನೊಸಿ ಗಂಧಕ ತತ್ತಾರ್ಲಾ. ಹುಳ ಒಂದೂ ಉಳೀನಿಲ್ಲ, ಕ್ವಾಣೆನಾದ್ರೂ ಉಳೀಲಿ.”

ಗಂಡಿನ ತಾಯಿ ಸೆರಗು ಕೊಡವಿ ಎದ್ದಳು.