ಹನ್ನೊಂದು ಮದುವೆಗೆ ಒಬ್ಬನೇ ಗಂಡು

ಗೆಳೆಯರೇ, ಭದ್ರಾವತಿಗೆ ಇಂಟರ್ನೆಟ್ ತಂದವನು ನಾನೇ. ಇವತ್ತು ಅದರಿಂದಲೇ ಮುಳುಗಿದವನೂ ನಾನೇ.

ಓಲ್ಡ್ ಟೌನಿನ ನನ್ನ ಪ್ರೆಸ್ಸಿನಲ್ಲಿ ಈಗ ಲಗ್ನಪತ್ರಿಕೆಯನ್ನು ವೆಬ್‌ಸೈಟಿಗೂ ಹಾಕಿಕೊಡುತ್ತೇವೆ. ಸೈಟು ಮಾಡಿದ್ದು ತಂಗಿಯ ಮಗಳು ಸುಮಾ. ಪುಟ ಒಂದೇ, ಅದರ ಖಾಲಿ ಜಾಗಗಳಿಗೆ ಆಯಾ ಮದುವೆಯ ಹೆಸರುಗಳನ್ನು ಟೆಂಪ್ಲೇಟ್ ಎಂಜಿನ್ ಎಂಬುದು ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬುತ್ತದಂತೆ. ಬೆಳಿಗ್ಗೆ ಆಯನೂರಿನ ರಮೇಶನ ಪತ್ರಿಕೆ ತಿದ್ದಲು ಕೂತೆ. ತೆರೆದ ಫೈಲಿನಲ್ಲಿ ವರನ ಹೆಸರೇ ಇಲ್ಲ! ಮೂವತ್ತು ವರ್ಷ ಅಚ್ಚುಮೊಳೆ ಜೋಡಿಸಿದ ಕೈ ಸುಮ್ಮನಿರುತ್ತದೆಯೇ? ರಮೇಶ ಎಂದು ತುಂಬಿದೆ. ವಧುವಿನ ಜಾಗಕ್ಕೆ ಬರುವಷ್ಟರಲ್ಲಿ ಟೀ ಬಂತು. ಸೇವ್ ಮಾಡಿ ಎದ್ದೆ.

ಮಧ್ಯಾಹ್ನ ಜನ್ನಾಪುರದ ನಾಗರಾಜಪ್ಪ ನುಗ್ಗಿದರು. "ಯಾರ್ರೀ ಈ ರಮೇಶ? ನನ್ನ ಮಗಳಿಗೆ ಗೊತ್ತು ಮಾಡಿರೋ ಹುಡುಗ ಮಂಜುನಾಥ! ಬೀಗರು ಸಂಬಂಧವೇ ಬೇಡ ಅಂತಿದಾರೆ ಮಾರಾಯ್ರೇ!"

ಸುಮಾ ಫೈಲು ನೋಡಿ ತಲೆಯ ಮೇಲೆ ಕೈ ಹೊತ್ತಳು. "ಮಾಮ, ಇದು ಒಬ್ಬರ ಪತ್ರಿಕೆ ಅಲ್ಲ, ಎಲ್ರ ಪತ್ರಿಕೆಗೂ ಅಚ್ಚು. ಹನ್ನೊಂದು ಹೆಣ್ಮಕ್ಳಿಗೂ ರಮೇಶನ್ನೇ ಗಂಟು ಹಾಕಿದ್ದೀರ."

"ಎಂಜಿನ್ ಭಾರೀ ಫಾಸ್ಟು ಅಂದಿದ್ದೆಯಲ್ಲೇ?"

"ಫಾಸ್ಟೇ ಮಾಮ. ಅದಕ್ಕೇ ಅಷ್ಟೂ ಮದ್ವೆ ಒಂದೇ ಸೆಕೆಂಡಲ್ಲಿ ಕೆಟ್ಟಿದ್ದು."

ಒಂದೇ ನಿಮಿಷದಲ್ಲಿ ಅವಳು ಸರಿಮಾಡಿದಳು. ನಾನು ಬೀಗರಿಗೆ ಫೋನಿನಲ್ಲೇ ಅಡ್ಡಬಿದ್ದೆ. ಸಂಬಂಧ ಉಳಿಯಿತು, ಪ್ರೆಸ್ಸಿನ ಮಾನ ಉಳಿಯಲಿಲ್ಲ. ರಮೇಶನ ಮನೆ ಬಿಟ್ಟು ಉಳಿದ ಹತ್ತೂ ಮನೆಯವರು ಕಾಗದದ ಪತ್ರಿಕೆಯ ಆರ್ಡರನ್ನೂ ಹಿಂದಕ್ಕೆ ಪಡೆದರು.

ಹೆಂಡತಿಗೆ ಐನೂರು ರೂಪಾಯಿ ನಷ್ಟ ಎಂದಿದ್ದೇನೆ. ಅವಳು ಕಂಪ್ಯೂಟರ್ ಮುಟ್ಟುವುದಿಲ್ಲ, ಅದಕ್ಕೇ ನಿಜವನ್ನು ಈ ಬ್ಲಾಗಿನಲ್ಲಿ ಬರೆಯುತ್ತಿದ್ದೇನೆ: ಇಪ್ಪತ್ತಮೂರು ಸಾವಿರದ ನಾನೂರು.