ಕುಷ್ಟಗಿಯ ರೊಟ್ಟಿ ಒಡೆಯುವುದಿಲ್ಲ

ಆಗ ನನಗೆ ಅರವತ್ನಾಲ್ಕು. ಮೂರು ವರ್ಷದ ಹಿಂದಿನ ಮಾತು. ವಯಸ್ಸು ಮೊದಲೇ ಯಾಕೆ ಹೇಳುತ್ತೇನೆಂದರೆ, ಅಷ್ಟು ವಯಸ್ಸಾದ ಮೇಲೆ ಹೊಟ್ಟೆಕಿಚ್ಚು ತಾನೇ ಆರುತ್ತದೆ ಅಂತ ಜನ ತಿಳಿದಿದ್ದಾರೆ. ಆರುವುದಿಲ್ಲ. ಹಲ್ಲು ಬೀಳುತ್ತವೆ, ಮೊಣಕಾಲು ಹೋಗುತ್ತವೆ, ಇದೊಂದು ಗಟ್ಟಿಯಾಗಿ ಉಳಿಯುತ್ತದೆ.

ನನ್ನ ಹೊಟ್ಟೆಕಿಚ್ಚು ನನ್ನ ನೆಗೆಣ್ಣಿಯ ಮೇಲೆ, ಅಂದರೆ ಗಂಡನ ತಮ್ಮನ ಹೆಂಡತಿಯ ಮೇಲೆ. ಅವಳ ಮನೆ ಕುಷ್ಟಗಿಯಲ್ಲಿ, ನಮ್ಮದು ಕೊಪ್ಪಳಕ್ಕೆ ಹತ್ತಿದ ಭಾಗ್ಯನಗರದಲ್ಲಿ. ಅವಳು ಮದುವೆಯಾಗಿ ಬಂದಾಗ ಅವಳಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ನಡುವೆ ದಪ್ಪ, ಅಂಚಿಗೆ ಹರಕು. ನಮ್ಮ ಮಾವ ತಾಟಿಗೆ ಹಾಕಿದ್ದನ್ನು ಎತ್ತಿ ನೋಡಿ, ಇದು ರೊಟ್ಟಿಯೋ ಸಗಣಿಯ ಕುಳ್ಳೋ ಅಂತ ಕೇಳಿದ್ದ. ಹುಡುಗಿ ಒಲೆಯ ಮುಂದೆ ಕೂತು ಅತ್ತಳು. ನಾನು ಅವಳನ್ನು ಒಂದು ಮಳೆಗಾಲ ಪೂರ್ತಿ ಪಕ್ಕದಲ್ಲಿ ಕೂರಿಸಿಕೊಂಡು, ಹಿಟ್ಟು ನಾದುವುದರಿಂದ ಹಿಡಿದು ಹಂಚಿನ ಕಾವಿನವರೆಗೆ ಕಲಿಸಿದೆ. ಅವಳ ಕೈಯಲ್ಲಿರುವುದು ನನ್ನ ಕೈ. ಎಲ್ಲದರ ಬೇರು ಇದೇ.

ಮೊಬೈಲಿನಲ್ಲಿ ರೊಟ್ಟಿ ಮಾರುವುದನ್ನು ಶುರು ಮಾಡಿದವಳು ನನ್ನ ಸೊಸೆ. ನಾನು ಬಡಿದು ಒಣಗಿಸಿದ ಖಡಕ್ ರೊಟ್ಟಿಯ ಫೋಟೊ ತೆಗೆದು ಹಾಕಿದಳು. ಪುಣೆ, ಬೆಂಗಳೂರು, ಹೈದರಾಬಾದಿನಲ್ಲಿರುವ ನಮ್ಮ ಕಡೆಯ ಜನ ಕೇಳಿ ತರಿಸತೊಡಗಿದರು. ಎರಡು ತಿಂಗಳಾಗಿರಲಿಲ್ಲ, ಕುಷ್ಟಗಿಯವಳೂ ಹಾಕಿದಳು. ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಬೇಕಾದ್ದೇನೂ ಇರಲಿಲ್ಲ. ಆದರೂ ಕೇಳಲಿಲ್ಲ.

ಅವಳ ರೊಟ್ಟಿ ಒಡೆಯದೆ ಮುಟ್ಟುತ್ತಿದ್ದವು. ನನ್ನವು ಪುಡಿಯಾಗಿ ಮುಟ್ಟುತ್ತಿದ್ದವು.

ನಾನು ಕಟ್ಟುತ್ತಿದ್ದುದು ಬುತ್ತಿ ಕಟ್ಟಿದ ಹಾಗೆ. ಇಪ್ಪತ್ತು ರೊಟ್ಟಿ ಒಂದರ ಮೇಲೊಂದು ಮಲಗಿಸಿ, ಬಿಳಿ ಅರಿವೆಯಲ್ಲಿ ಸುತ್ತಿ, ಮೇಲೆ ಗಂಟು. ಆ ಗಂಟನ್ನು ಹಾಗೇ ರಟ್ಟಿನ ಡಬ್ಬಿಯಲ್ಲಿ ಇಡುತ್ತಿದ್ದೆ. ಹೊಲಕ್ಕೆ ಇಪ್ಪತ್ತೈದು ವರ್ಷ ಹೀಗೇ ಕಟ್ಟಿ ತಲೆಯ ಮೇಲೆ ಹೊತ್ತಿದ್ದೇನೆ. ಹಳ್ಳ ದಾಟಿದ್ದೇನೆ, ಬಸುರಿಯಾಗಿದ್ದಾಗ ಒಮ್ಮೆ ಜಾರಿ ಬಿದ್ದಿದ್ದೇನೆ. ಬುತ್ತಿಯಲ್ಲಿ ಒಂದು ರೊಟ್ಟಿಯೂ ಮುರಿದದ್ದಿಲ್ಲ. ಹಾಗಾಗಿ ತಪ್ಪು ನನ್ನ ಗಂಟಿನದು ಅಂತ ನನ್ನ ತಲೆಗೆ ಬರಲೇ ಇಲ್ಲ. ತಪ್ಪು ಒಯ್ಯುವವರದು.

ಮೊದಲು ಕೊಡುತ್ತಿದ್ದದ್ದು ಕೊಪ್ಪಳದ ಬಸ್ ನಿಲ್ದಾಣದ ಹತ್ತಿರ ಪಾರ್ಸೆಲ್ ಅಂಗಡಿ ಇಟ್ಟುಕೊಂಡ ಒಬ್ಬ ಸಾಹೇಬರಿಗೆ. ಅವರು ಡಬ್ಬಿಯನ್ನು ತಕ್ಕಡಿಗೆ ಇಡುವ ಮೊದಲು ಟೇಪು ಹಿಡಿದು ಉದ್ದ ಅಗಲ ಎತ್ತರ ಅಳೆಯುತ್ತಿದ್ದರು. ಡಬ್ಬಿ ದೊಡ್ಡದಾದರೆ ತೂಕವಿಲ್ಲದಿದ್ದರೂ ಹೆಚ್ಚು. ರೊಟ್ಟಿ ತೂಗುವುದು ಬಿಟ್ಟು ಗಾಳಿ ಯಾಕೆ ಅಳೆಯುತ್ತೀರಿ ಅಂತ ನಾನು ಜಗಳ ತೆಗೆದಿದ್ದೆ. ಗಾಳಿಗೂ ಜಾಗ ಬೇಕಲ್ಲ ಅಂದಿದ್ದರು, ನಗದೆ. ರೊಟ್ಟಿ ಪುಡಿಯಾದ ದೂರು ಒಯ್ದಾಗಲೂ ಅವರು ಎದ್ದು ನಿಲ್ಲಲಿಲ್ಲ, ದನಿ ಏರಿಸಲಿಲ್ಲ.

"ಅಮ್ಮಾ, ನಾವು ಗಾಡ್ಯಾಗ ಒಯ್ತೀವ್ರಿ, ತಲಿ ಮ್ಯಾಲ ಅಲ್ಲ," ಅಂದರು.

ನನಗೆ ಅದು ಸೊಕ್ಕಿನ ಮಾತಾಗಿ ಕೇಳಿಸಿತು. ಅವರನ್ನು ಬಿಟ್ಟೆ. ಆಮೇಲೆ ಪುಣೆಗೆ ಹೋಗುವ ಒಂದು ಖಾಸಗಿ ಬಸ್ಸಿನವರಿಗೆ ಕೊಟ್ಟು ನೋಡಿದೆ. ಬಸ್ಸಿನವರು ಮನೆಗೆ ಮುಟ್ಟಿಸುವುದಿಲ್ಲ, ತರಿಸಿದವರೇ ಬಸ್ಸು ನಿಲ್ಲುವಲ್ಲಿಗೆ ಬಂದು ಇಳಿಸಿಕೊಳ್ಳಬೇಕು. ಪುಣೆಯ ಗಿರಾಕಿ ಅಷ್ಟು ದೂರ ಬಂದು, ಕಾದು, ಪುಡಿ ಇಳಿಸಿಕೊಂಡು ಹೋದರು.

ಅವರೇ ನಮ್ಮ ದೊಡ್ಡ ಗಿರಾಕಿ. ಯಲಬುರ್ಗಾ ಕಡೆಯವರು, ಪುಣೆಗೆ ಹೋಗಿ ಅಲ್ಲೇ ಉಳಿದವರು. ತಿಂಗಳಿಗೆ ನಲವತ್ತು ರೊಟ್ಟಿ ಅವರ ಮನೆಗೆ, ಅವರ ಮಾತು ಕೇಳಿ ಅದೇ ಓಣಿಯ ಇನ್ನೂ ಆರು ಮನೆಗೆ. ಅವರು ಹೋದರೆ ಏಳೂ ಮನೆ ಹೋದ ಹಾಗೆ. ಅವರು ಬರೆದದ್ದನ್ನು ಸೊಸೆ ಓದಿ ಹೇಳಿದಳು. ರುಚಿಗೆ ಹೆಸರಿಡುವ ಹಾಗಿಲ್ಲ, ಆದರೆ ಎರಡು ಸಲ ಪುಡಿ ಬಂತು, ಇನ್ನೊಂದು ಸಲ ನೋಡುತ್ತೇವೆ, ಆಗಲೂ ಹೀಗೇ ಆದರೆ ಕುಷ್ಟಗಿಯವರಿಂದ ತರಿಸುತ್ತೇವೆ.

ಬೇರೆ ಯಾವ ಊರಿನ ಹೆಸರು ಬರೆದಿದ್ದರೂ ನಾನು ನಿದ್ದೆ ಮಾಡುತ್ತಿದ್ದೆ.

ನನಗೆ ಓದು ಮೂರನೇ ಇಯತ್ತೆಯ ತನಕ. ಮೊಬೈಲಿನ ಸಣ್ಣ ಅಕ್ಷರ ಹಿಡಿಯುವುದಿಲ್ಲ. ಸಂಜೆಯಾದರೆ ಸೊಸೆಯನ್ನು ಕೂರಿಸಿಕೊಂಡು ಕುಷ್ಟಗಿಯವಳ ರೊಟ್ಟಿಯ ಕೆಳಗೆ ಜನ ಏನು ಬರೆದಿದ್ದಾರೆ ಓದು ಅನ್ನುತ್ತಿದ್ದೆ. ಒಂದೂ ಒಡೆದಿಲ್ಲ ಅಂತ ಒಬ್ಬರು. ಅಮ್ಮನ ಕೈ ನೆನಪಾಯಿತು ಅಂತ ಒಬ್ಬರು. ಯಾರ ಕೈ ಅಂತ ಇವರಿಗೇನು ಗೊತ್ತು? ಮತ್ತೊಮ್ಮೆ ಓದು ಅನ್ನುತ್ತಿದ್ದೆ. ಸೊಸೆ ಒಂದು ದಿನ ಮೊಬೈಲು ಬೋರಲು ಇಟ್ಟಳು.

"ಉರಕೊಳ್ಳಾಕ ಓದಸ್ತೀರೇನ್ರಿ ಅತ್ತಿ?"

ಹೌದು ಅಂದೆ. ಸುಳ್ಳು ಯಾಕೆ ಹೇಳಲಿ?

ಅದೇ ವಾರ ಯಲಬುರ್ಗಾದಲ್ಲಿ ನೆಂಟರ ಮನೆಯಲ್ಲಿ ಕೂಸಿಗೆ ಹೆಸರಿಡುವ ಕಾರ್ಯ. ಅವಳು ಬಂದಿದ್ದಳು, ಊಟಕ್ಕೆ ಎರಡು ಡಬ್ಬಿ ರೊಟ್ಟಿ ತಂದಿದ್ದಳು. ಹೆಂಗಸರೆಲ್ಲ ಅವಳ ಸುತ್ತ. ಅಷ್ಟು ದೂರ ಹೇಗೆ ಒಡೆಯದೆ ಹೋಗುತ್ತವೆ ಅಂತ ಯಾರೋ ಕೇಳಿದರು. ಅವಳು ತೊಟ್ಟಿಲು ತೂಗುತ್ತಾ, ನನ್ನನ್ನು ನೋಡುತ್ತಾ ಹೇಳಿದಳು.

"ಎಲ್ಲಾ ಒಯ್ಯಾವರ ಕೈಯಾಗ ಐತಿ."

ಯಾರಿಗೆ ಕೊಡುತ್ತಿ ಅಂತ ನಾನು ಕೇಳಬಹುದಿತ್ತು. ಕಲಿಸಿದವಳು ಕಲಿತವಳನ್ನು ಕೇಳುವುದೇ? ಊಟವಾದ ಮೇಲೆ ಅಡುಗೆಮನೆಗೆ ಹೋದೆ. ಅವಳು ತಂದದ್ದು ಒಮ್ಮೆ ಬಳಸಿದ ಹಳೆಯ ಡಬ್ಬಿ, ಅದರ ಮೇಲೆ ಒಯ್ಯುವವರ ಹಸಿರು ಚೀಟಿ ಅಂಟಿತ್ತು. ಅದನ್ನು ಉಗುರಿನಿಂದ ಕೆರೆದು ತೆಗೆದು ಎಲೆಯಡಿಕೆಯ ಸಂಚಿಯಲ್ಲಿ ಇಟ್ಟುಕೊಂಡೆ. ಯಾರೂ ನೋಡಲಿಲ್ಲ ಅಂದುಕೊಂಡೆ.

ಸೊಸೆ ಆ ಚೀಟಿ ನೋಡಿ ಅವರ ನಂಬರು ಹುಡುಕಿದಳು. ಅವರು ಮನೆ ಬಾಗಿಲಿಗೇ ಬಂದು ಒಯ್ಯುತ್ತಾರೆ, ಡಬ್ಬಿ ಈಗ ಎಲ್ಲಿದೆ ಅಂತ ಮೊಬೈಲಿನಲ್ಲಿ ತೋರಿಸುತ್ತಾರೆ. ಪುಣೆಯದು ಕಡೆಯ ಸಲ, ಅದರ ಮೇಲೆ ಪರೀಕ್ಷೆ ಮಾಡುವ ಹಾಗಿಲ್ಲ. ಅದಕ್ಕೆ ಮೊದಲು ಹಿಟ್ನಾಳದಲ್ಲಿರುವ ನನ್ನ ಬೀಗತಿಗೆ, ಸೊಸೆಯ ತಾಯಿಗೆ, ಒಂದು ಡಬ್ಬಿ ಕಳಿಸಿದೆ. ಹಿಟ್ನಾಳ ನಮ್ಮ ಮನೆಯಿಂದ ಬಸ್ಸಿಗೆ ಕೂತು ಎರಡು ಸಲ ಎಲೆ ಹಾಕಿಕೊಳ್ಳುವಷ್ಟು ದೂರ. ಡಬ್ಬಿ ಮೊದಲು ಹುಬ್ಬಳ್ಳಿಗೆ ಹೋಯಿತು. ಅಲ್ಲಿ ಒಂದು ದಿನ ಕೂತಿತು. ಮತ್ತೆ ನಮ್ಮ ಊರಿನ ಮುಂದೆಯೇ ಹಾದು ನಾಲ್ಕನೇ ದಿನ ಹಿಟ್ನಾಳ ಮುಟ್ಟಿತು. ಬೀಗತಿ ಫೋನು ಮಾಡಿದಳು.

"ಅಕ್ಕಾರ, ಇದನ್ನ ಉಪ್ಪಿಟ್ಟು ಮಾಡ್ಲೋ, ಎಮ್ಮಿಗೆ ಹಾಕ್ಲೋ?"

ಆಗ ನನಗೆ ಏನು ಹೊಳೆಯಬೇಕಿತ್ತೋ ಅದು ಹೊಳೆಯಲಿಲ್ಲ. ಹೊಟ್ಟೆಕಿಚ್ಚಿರುವವರಿಗೆ ಹೊಳೆಯುವುದೇ ಬೇರೆ. ಕುಷ್ಟಗಿಯವಳು ಆ ಒಯ್ಯುವವರಿಗೆ ಏನೋ ಕೊಟ್ಟು ತನ್ನ ಡಬ್ಬಿಯನ್ನು ಬೇರೆ ಇಡಿಸುತ್ತಾಳೆ ಅಂತ ತಿಳಿದೆ. ಅವಳ ಡಬ್ಬಿ ಬಂದು ಇಳಿಯುವುದನ್ನು ಕಣ್ಣಾರೆ ನೋಡಬೇಕು. ನಮ್ಮ ಹೆಸರಲ್ಲಿ ತರಿಸುವ ಹಾಗಿಲ್ಲ. ಬೀಗತಿಯ ಹೆಸರಲ್ಲಿ, ಹಿಟ್ನಾಳದ ವಿಳಾಸಕ್ಕೆ, ಇಪ್ಪತ್ತು ರೊಟ್ಟಿ ಕಳಿಸಿ ಅಂತ ಸೊಸೆಯ ಕೈಲಿ ಹಾಕಿಸಿದೆ. ಬೇಡ್ರಿ ಅತ್ತಿ ಅಂದಳು. ಪುಣೆಯವರು ಯಾವಾಗ ಕಳಿಸುತ್ತೀರಿ ಅಂತ ಎರಡು ಸಲ ಕೇಳಿದ್ದಾರೆ, ಮೊದಲು ಅದನ್ನು ನೋಡೋಣ ಅಂದಳು. ನಾನು ಕೇಳಲಿಲ್ಲ. ಏನೋ ನೆಪ ಹೇಳಿ ಪುಣೆಯವರನ್ನು ಇನ್ನೊಂದು ವಾರ ನಿಲ್ಲಿಸಿದೆವು.

ಡಬ್ಬಿ ಬರುವ ದಿನ ಬೆಳಿಗ್ಗೆಯೇ ಹಿಟ್ನಾಳಕ್ಕೆ ಹೋಗಿ ಬೀಗತಿಯ ಕಟ್ಟೆಯ ಮೇಲೆ ಕೂತೆ. ತಂದವನು ಗಾಡಿಯಿಂದ ಡಬ್ಬಿಯನ್ನು ಎಲ್ಲ ಡಬ್ಬಿಗಳ ಅಡಿಯಿಂದ ಎಳೆದ, ಕಟ್ಟೆಯ ಮೇಲೆ ಕುಕ್ಕಿದ, ಸಹಿ ಹಾಕಿಸಿಕೊಂಡ, ಹೋದ. ಬೇರೆ ಇಟ್ಟದ್ದಿಲ್ಲ, ಮರ್ಯಾದೆ ಮಾಡಿದ್ದಿಲ್ಲ. ಈಗ ಪುಡಿ ಇರುತ್ತದೆ ಅಂತ ಖುಷಿಯಿಂದ ಕುಡಗೋಲಿನ ತುದಿಯಲ್ಲಿ ಡಬ್ಬಿ ಸೀಳಿದೆ.

ಒಳಗೆ ಮಂಡಕ್ಕಿ. ಮೇಲೆ, ಕೆಳಗೆ, ನಾಲ್ಕೂ ಮಗ್ಗುಲಿಗೆ ತುರುಕಿ ತುಂಬಿದ ಮಂಡಕ್ಕಿ. ಅದರ ನಡುವೆ ರೊಟ್ಟಿ ಮಲಗಿರಲಿಲ್ಲ, ನಿಂತಿದ್ದವು. ಮದುವೆ ಮನೆಯಲ್ಲಿ ತೊಳೆದ ತಾಟುಗಳನ್ನು ಬುಟ್ಟಿಯಲ್ಲಿ ನಿಲ್ಲಿಸಿದ ಹಾಗೆ, ಅಂಚಿನ ಮೇಲೆ, ಒತ್ತಾಗಿ. ಒಂದೊಂದನ್ನೇ ತೆಗೆದು ನೋಡಿದೆ. ಇಪ್ಪತ್ತಕ್ಕೆ ಇಪ್ಪತ್ತೂ ಗಟ್ಟಿ.

ಸಾಹೇಬರ ಮಾತು ಆಗ ನೆನಪಾಯಿತು. ತಲೆಯ ಮೇಲೆ ಹೊತ್ತ ಗಂಟಿನ ಮೇಲೆ ಇನ್ನೊಂದು ಗಂಟು ಬೀಳುವುದಿಲ್ಲ. ಗಾಡಿಯಲ್ಲಿ ಬೀಳುತ್ತದೆ. ಮಲಗಿದ ರೊಟ್ಟಿಯ ಮೇಲೆ ಭಾರ ಬಿದ್ದರೆ ನಡುವೆ ಮುರಿಯುತ್ತದೆ, ನಿಂತ ರೊಟ್ಟಿ ತಡೆಯುತ್ತದೆ. ಇಷ್ಟೇ. ಒಯ್ಯುವವರಲ್ಲಿ ಮೂವರನ್ನು ಬದಲಿಸಿದ್ದೆ, ನನ್ನ ಗಂಟನ್ನು ಬದಲಿಸಿರಲಿಲ್ಲ.

ಡಬ್ಬಿಯ ತಳದಲ್ಲಿ ಒಂದು ಪೊಟ್ಟಣ ಇತ್ತು. ಬಿಚ್ಚಿದರೆ ರೊಟ್ಟಿಯ ಪುಡಿ. ಬೇಕಂತಲೇ ಕುಟ್ಟಿ, ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಬೆರೆಸಿ ಕಟ್ಟಿದ್ದು. ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿ 'ಅಕ್ಕಗ' ಅಂತ ಬರೆದಿತ್ತು. ಅಷ್ಟನ್ನು ನಾನೇ ಓದಿದೆ. ಅವಳು ನನ್ನನ್ನು ಕರೆಯುವುದು ಹಾಗೇ. ಮೈ ಉರಿದುಹೋಯಿತು. ಬೀಗತಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು.

"ನನ್ನ ಹೆಸರು ಅಕಿಗೆ ಗೊತ್ತಿಲ್ಲೇನ್ರಿ ಅಕ್ಕಾರ? ನನ್ನ ಮಗಳ ಮದುವ್ಯಾಗ ಅರಿಷಿಣ ಅರದಾಕಿ ಅಕಿ."

ಅದೂ ನಿಜ. ಕದ್ದು ತರಿಸಿದ್ದು ಯಾರ ಹೆಸರಲ್ಲಿ? ಬೀಗರ ಹೆಸರಲ್ಲಿ. ಎಲ್ಲರೂ ಎಲ್ಲರಿಗೂ ಬೀಗರಾಗಿರುವ ಕಡೆ ಅದೆಂಥ ಕಳ್ಳತನ?

ಅಲ್ಲಿಂದಲೇ ಕುಷ್ಟಗಿಗೆ ಫೋನು ಹಚ್ಚಿಸಿದೆ. ನಾನು ಮಾತು ತೆಗೆಯುವ ಮೊದಲೇ ಅವಳೇ ಕೇಳಿದಳು.

"ಮುಟ್ಟಿತೇನು ಯಕ್ಕಾ?"

"ಮುಟ್ಟಿತು. ನನ್ನ ಆಡಿಕೊಳ್ಳಾಕ ಪುಡಿ ಕಟ್ಟೀಯೇನು?"

"ಆಡಿಕೊಳ್ಳಾಕ ಅರ್ಧ. ತಿನ್ನಾಕ ಅರ್ಧ. ನಿನಗ ಹಲ್ಲ ಎಲ್ಲಿ ಅದಾವು?"

"ಒಯ್ಯಾವರ ಕೈಯಾಗ ಐತಿ ಅಂದಿದ್ದಿ."



"ಸುಳ್ಳ ಹೇಳಿದ್ದೆ. ನೀ ಕೇಳ್ತಿ ಅಂತ ತಿಳ್ಕೊಂಡಿದ್ದೆ, ಕೇಳಿದ್ರ ಹೇಳ್ತಿದ್ದೆ. ನೀ ಚೀಟಿ ಕೆರಕೊಂಡು ಹೋದಿ, ನಾ ಬಾಗಲದಾಗ ನಿಂತು ನೋಡಿದೆ." ಆಮೇಲೆ ದನಿ ಇಳಿಸಿ ಅಂದಳು. "ಖರೇ ಹೇಳ್ಲೇನು? ನಿನ್ನಷ್ಟು ತೆಳ್ಳಗ ನನಗ ಇನ್ನೂ ಬಡಿಯಾಕ ಬರವಲ್ದು. ನಿನ್ನವೂ ಒಡೀದ ಹೋದ್ರ ನನ್ನ ರೊಟ್ಟಿ ಯಾರ ಕೇಳ್ತಾರ?"

ಫೋನು ಇಟ್ಟೆ. ಇದನ್ನು ಕೇಳಿ ಮನಸ್ಸು ಕರಗಿತು ಅಂತ ಹೇಳಿದರೆ ಕೇಳುವವರಿಗೆ ಚಂದ. ಕರಗಲಿಲ್ಲ. ನನಗೆ ಉರಿದಷ್ಟು ದಿನ ಅವಳಿಗೂ ಉರಿದಿತ್ತು ಅಂತ ಸಮಾಧಾನವಾಯಿತು, ಅಷ್ಟೇ. ಪೊಟ್ಟಣವನ್ನು ಅಲ್ಲೇ ಬಿಚ್ಚಿ, ಬೀಗತಿಯ ಮನೆಯ ಮೊಸರು ಹಾಕಿಸಿಕೊಂಡು ತಿಂದೆ. ಹಿಂಡಿಗೆ ಉಪ್ಪು ತುಸು ಹೆಚ್ಚಾಗಿತ್ತು. ತಿನ್ನುತ್ತಿದ್ದಾಗಲೂ ಒಂದು ಮುಳ್ಳು ಉಳಿದೇ ಇತ್ತು. ರೊಟ್ಟಿ ನನ್ನದು, ಆದರೆ ಮಂಡಕ್ಕಿಯ ಉಪಾಯ ಅವಳದು. ನಾನೂ ಮಂಡಕ್ಕಿ ತುಂಬಿದರೆ ಪುಣೆಯವರು ಎಂದಾದರೂ ಅವಳ ಡಬ್ಬಿಯನ್ನೂ ತೆಗೆದ ದಿನ ಅನ್ನುತ್ತಾರೆ, ಇದು ಕುಷ್ಟಗಿಯವರನ್ನು ನೋಡಿ ಮಾಡಿದ್ದು ಅಂತ.

ಪುಣೆಯವರು ಉಳಿದರು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ನಾನು ಹೇಳಬೇಕಾದ್ದು ಆ ಮರುದಿನದ ಬೆಳಗಿನ ಮಾತು.

ಮರುದಿನ ಬೆಳಿಗ್ಗೆ ಎದ್ದವಳು ಮಂಡಕ್ಕಿ ತರಿಸಲಿಲ್ಲ. ಸಂಜೆಯೇ ನೀರು ಚಿಮುಕಿಸಿ ಇಟ್ಟಿದ್ದ ಜೋಳವನ್ನು ಕಾದ ಉಸುಕಿನಲ್ಲಿ ಹಾಕಿ, ನಾಗರ ಪಂಚಮಿಗೆ ಹುರಿಯುವ ಹಾಗೆ ಅಳ್ಳು ಹುರಿದೆ. ಮಂಡಕ್ಕಿಗಿಂತ ಮೆತ್ತಗೆ, ಬೆಳ್ಳಗೆ, ಹೂವಿನ ಹಾಗೆ ಅರಳಿದವು. ಪುಣೆಯ ನಲವತ್ತು ರೊಟ್ಟಿ ನಿಲ್ಲಿಸಿ, ಸುತ್ತ ಅಳ್ಳು ಜಡಿದು ಡಬ್ಬಿ ಮುಚ್ಚಿದೆ. ಮುಚ್ಚಿದ ಡಬ್ಬಿಯನ್ನು ನಮ್ಮ ಕಟ್ಟೆಯಿಂದ ಅಂಗಳಕ್ಕೆ ಎಸೆದೆ. ಸೊಸೆ ಎದೆ ಹಿಡಿದುಕೊಂಡಳು. ಬಿಚ್ಚಿ ಎಣಿಸಿದೆವು, ಒಂದರ ಅಂಚು ಹಾರಿತ್ತು. ಅದನ್ನು ತೆಗೆದು ಅದರ ಜಾಗಕ್ಕೆ ಬೇರೊಂದು ಇಟ್ಟೆ, ಮತ್ತೆ ಮುಚ್ಚಿದೆ. ಅಂಚು ಹಾರಿದ್ದನ್ನು ಸೊಸೆ ತಿಂದಳು.

ಡಬ್ಬಿಯನ್ನು ಹಸಿರು ಚೀಟಿಯವರಿಗೆ ಕೊಡಲಿಲ್ಲ. ಅವರು ಅವಳ ಮನೆಗೆ ಹೋಗುವವರು. ಬಸ್ ನಿಲ್ದಾಣದ ಹತ್ತಿರದ ಸಾಹೇಬರ ಅಂಗಡಿಗೆ ಒಯ್ದು ಮೇಜಿನ ಮೇಲೆ ಇಟ್ಟೆ. ಅವರು ನನ್ನನ್ನು ನೋಡಿದರು, ಟೇಪು ತೆಗೆದು ಉದ್ದ ಅಗಲ ಎತ್ತರ ಅಳೆದರು. ನಾನೂ ಜಗಳ ತೆಗೆಯಲಿಲ್ಲ. ಈ ಸಲ ಒಳಗೆ ಗಾಳಿಗೆ ಜಾಗವಿರಲಿಲ್ಲ. ಚೀಟಿ ಅಂಟಿಸಿದ ಮೇಲೆ ಅವರು ಡಬ್ಬಿಯನ್ನು ಎತ್ತಿ ಹಿಂದಿನ ರಾಶಿಯ ಮೇಲೆ ಒಗೆದರು. ಅದು ದಪ್ ಅಂತ ಬಿತ್ತು. ನಾನು ರಸೀದಿ ಇಸಕೊಂಡು ಮನೆಗೆ ಬಂದು ಹಿಟ್ಟು ಕಲಸಿದೆ.