ಉಡದಮ್ಮನ ಕೈಗಳು

ಮಕ್ಕಳ ಆಸ್ಪತ್ರೆಯ ರಕ್ತ ತೆಗೆಯುವ ಕೋಣೆಯಲ್ಲಿ ಆ ಆಯಾಳ ಕೆಲಸ ಒಂದೇ: ಹಿಡಿಯುವುದು. ನರ್ಸ್ ಸೂಜಿ ಎತ್ತಿದಳೆಂದರೆ ಮಗುವಿನ ತೋಳು ಅಲ್ಲಾಡದಂತೆ ಒತ್ತಿ ಹಿಡಿಯಬೇಕು. ಉಡದ ಪಟ್ಟು ಅವಳದು. ಅದಕ್ಕೇ ಎಲ್ಲರ ಬಾಯಲ್ಲೂ ಉಡದಮ್ಮ. ಸೂಜಿಗಿಂತ ಅವಳನ್ನು ಕಂಡರೇ ಮಕ್ಕಳಿಗೆ ಜೀವ ಬಾಯಿಗೆ ಬರುತ್ತಿತ್ತು. ಬೀದಿಯಲ್ಲಿ ಎದುರಾದರೂ ತಾಯಂದಿರ ಬೆನ್ನ ಹಿಂದೆ ಅವಿತುಕೊಳ್ಳುತ್ತಿದ್ದವು. ಮನೆಯಲ್ಲಿ ಅದೇ ಕೈ ಹಿಡಿದುಕೊಂಡರೇ ಮೊಮ್ಮಗಳಿಗೆ ನಿದ್ದೆ. ಇಲ್ಲಿ ಅದು ಯಮನ ಕೈ.

ಕೊನೆಗೊಂದು ದಿನ ಅವಳಿಗೇ ಸಾಕೆನಿಸಿತು. ವಾರ ವಾರ ಬರುವ ಎರಡು ಜಡೆಯ ಹುಡುಗಿ ಕಳೆದ ಸಲ ಒದ್ದಾಡಿ, ಸೂಜಿ ಜಾರಿ, ತೋಳು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಈ ಸಲ ಮಂಚಕ್ಕೇ ಕಟ್ಟಿಬಿಡಿ ಎಂದು ಹೆಡ್ ಸಿಸ್ಟರ್ ಅಪ್ಪಣೆ ಕೊಟ್ಟರು.

"ಕಟ್ಟೋದಾದ್ರೆ ನೀವೇ ಕಟ್ಕೊಳ್ಳಿ, ಸಿಸ್ಟರ್. ನಾನು ಈ ಮಗೂನ ಮುಟ್ಟಲ್ಲ," ಎಂದಳು ಉಡದಮ್ಮ. "ಬೀರೂಲಿರೋ ಆ ವಿಆರ್ ಕನ್ನಡಕ ತೆಗೀರಿ."

ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಸಮುದ್ರವೇ ಕಾಣುವ ಕನ್ನಡಕ ಅದು. ಮಕ್ಕಳ ಗಮನ ಸೂಜಿಯಿಂದ ಆಚೆ ಸರಿಯಲಿ ಎಂದು ಯಾರೋ ಪುಣ್ಯಾತ್ಮರು ಕೊಟ್ಟಿದ್ದರು. ದೊಡ್ಡ ಅಧಿಕಾರಿಗಳು ಬಂದಾಗ ತೋರಿಸಿ, ಒರೆಸಿ, ಮತ್ತೆ ಬೀಗ ಹಾಕುವುದಷ್ಟೇ ಅದರ ಹಣೆಬರಹವಾಗಿತ್ತು.

"ಒಡೆದುಹೋದ್ರೆ ಯಾರು ಹೊಣೆ?"

"ನಾನೇ. ಕೀಲಿ ಕೊಡಿ."

ಚಾಚಿದ ಕೈಯನ್ನು ಅವಳು ಹಿಂದಕ್ಕೆ ತೆಗೆಯಲೇ ಇಲ್ಲ. ಹುಡುಗಿಯ ತಾಯಿ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಹೆಡ್ ಸಿಸ್ಟರ್ ಗೊಣಗುತ್ತ ಕೀಲಿ ಕೊಟ್ಟರು. ಬೀರು ತೆಗೆದ ಮೇಲೂ ಉಡದಮ್ಮ ಕೀಲಿಯನ್ನು ಎಡಮುಷ್ಟಿಯಲ್ಲೇ ಇಟ್ಟುಕೊಂಡಳು.

ಹುಡುಗಿ ಕನ್ನಡಕ ಕಟ್ಟಿಕೊಂಡು ಮೀನು ಹುಡುಕತೊಡಗಿದಳು. ನರ್ಸ್ ಸೂಜಿ ಎತ್ತಿದಳು. ಇಷ್ಟು ವರ್ಷಗಳ ಅಭ್ಯಾಸ ನೋಡಿ, ಹಾಳಾದ್ದು, ಉಡದಮ್ಮನ ಬಲಗೈ ತಾನಾಗಿಯೇ ಹೋಗಿ ತೋಳನ್ನು ಗಬಕ್ಕನೆ ಹಿಡಿದುಬಿಟ್ಟಿತು.

"ಉಡದಮ್ಮ ಬಂದ್ಲು!" ಹುಡುಗಿ ಚೀರಿಕೊಂಡು ಕನ್ನಡಕ ಕಿತ್ತಳು.

"ನೋಡಿದ್ಯಲ್ಲ? ಬರೀ ಆಟದ ಸಾಮಾನು ಅದು. ಕಟ್ಟಿ ಇವಳನ್ನ," ಎಂದರು ಹೆಡ್ ಸಿಸ್ಟರ್.

"ತಪ್ಪು ಕನ್ನಡಕದ್ದಲ್ಲ, ನನ್ನ ಕೈಯದು. ಇನ್ನೊಂದು ಸಲ ನೋಡೇ ಬಿಡೋಣ." ಉಡದಮ್ಮ ಸ್ಟೂಲು ಎಳೆದುಕೊಂಡು, ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿ ಕೂತಳು. "ಪುಟ್ಟಿ, ನನ್ನ ಕೈ ಮೇಲೆ ನಾನೇ ಕೂತಿದ್ದೀನಿ. ಬೇಕಾದ್ರೆ ನೋಡ್ಕೋ."

ಹುಡುಗಿ ಬಗ್ಗಿ ನೋಡಿದಳು. ಆಚೆ ಬದಿಯನ್ನೂ ನೋಡಿದಳು. "ಏಳಬಾರ್ದು," ಎಂದಳು.

"ಏಳಲ್ಲ ಕಂದ."

ಕನ್ನಡಕ ಮತ್ತೆ ಕಣ್ಣಿಗೇರಿತು. ಸೂಜಿ ಇಳಿದಾಗ ಹುಡುಗಿ "ಅಮ್ಮಾ" ಎಂದು ಮುಖ ಕಿವುಚಿದಳು. ನೋವು ಪೂರ್ತಿ ಎಲ್ಲಿಗೆ ಹೋಗುತ್ತದೆ? ಆದರೆ ತೋಳು ಮಿಸುಕಲಿಲ್ಲ. "ಆಮೆ ಬಂತು," ಎಂದಳು, ಮೂಗು ಎಳೆಯುತ್ತ. ನಳಿಕೆ ತುಂಬಿತು. ಉಡದಮ್ಮನ ಕಣ್ಣೂ ತುಂಬಿತು, ಒರೆಸಿಕೊಳ್ಳಲು ಕೈಯಿರಲಿಲ್ಲ.

ಹೊರಗೆ ಮುಂದಿನ ಮಗು ಆಗಲೇ ರಾಗ ತೆಗೆದಿತ್ತು.

"ಸರಿ, ಆಯ್ತಲ್ಲ. ಕೀಲಿ ಕೊಡಮ್ಮ," ಹೆಡ್ ಸಿಸ್ಟರ್ ಕೈ ಚಾಚಿದರು.

ಉಡದಮ್ಮ ಕೂತಲ್ಲಿಂದ ಏಳಲಿಲ್ಲ. ಕೀಲಿ ಅವಳ ತೊಡೆಯ ಕೆಳಗೆ, ಮುಷ್ಟಿಯೊಳಗೆ ಭದ್ರವಾಗಿತ್ತು.

"ಕೈ ಬಿಡುವಿಲ್ಲ, ಸಿಸ್ಟರ್," ಎಂದಳು. "ಆ ಮಗೂನ ಒಳಗೆ ಕರೀರಿ."